ಹೆಂಡದಂಗಡಿಯ ಗ್ರಂಥಕರ್ತ

ಯಾರೋ ಆಸಕ್ತರು ತಯಾರಿಸಿದ ವಂಶವೃಕ್ಷವೊಂದನ್ನು ಮೊನ್ನೆ ನೋಡಿ ಮೈಯೆಲ್ಲ ಉರಿದುಹೋಯಿತು. ಅದರ ಪ್ರಕಾರ ವಿಲಿಯಂ ಪೇನ್ ಎಂಬಾತ ಲಂಡನ್ನಿನಲ್ಲಿ ಬಡಗಿಯಾಗಿದ್ದ, ಕಾನ್‌ಸ್ಟೇಬಲ್ ಆಗಿ ಬೀದಿ ಸುತ್ತಿ ಕ್ಯಾಥೊಲಿಕ್ ಪಾದ್ರಿಗಳನ್ನು ಕೋರ್ಟಿಗೆ ಎಳೆದ, ರೇಖಾಗಣಿತದ ಪಠ್ಯ ಬರೆದ, 1756ರಲ್ಲಿ ಡ್ರಾಫ್ಟ್ಸ್ ಎಂಬ ಮಣೆಯಾಟದ ಬಗ್ಗೆ ಇಂಗ್ಲಿಷಿನ ಹೆಸರಾಂತ ಮೊದಮೊದಲ ಪುಸ್ತಕವನ್ನೂ ತಂದ. ಒಬ್ಬನಿಗೆ ಇಷ್ಟೆಲ್ಲ ಕೆಲಸ! ಇವರು ಇಬ್ಬರು. ಬೆಲ್ ಯಾರ್ಡಿನ ಬಡಗಿ ಪೇನ್ ಮಾಹಿತಿದಾರ, ನೀತಿಯ ಹೆಸರಿನಲ್ಲಿ ಊರಿಗೆಲ್ಲ ಕಾಟ ಕೊಟ್ಟವನು, 1782ರಲ್ಲಿ ಸತ್ತ. ಅವನ ಬದುಕನ್ನು ಜೊವಾನಾ ಇನ್ನೆಸ್ ಎಂಬ ಇತಿಹಾಸಕಾರ್ತಿ ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ. ಡ್ರಾಫ್ಟ್ಸ್ ಪುಸ್ತಕ ತಂದ ನಮ್ಮ ಪೇನ್ ಗಣಿತದ ಮೇಷ್ಟ್ರು. ಹಾಗೆಂದು ತನ್ನ ಪುಸ್ತಕದ ಮೊದಲ ಪುಟದಲ್ಲೇ ಹೇಳಿಕೊಂಡಿದ್ದಾನೆ. ಆ ಒಂದು ಪುಟ ತಿರುವಿ ನೋಡಿದ್ದರೆ ಸಾಕಿತ್ತು.

ಹೆಸರು ಹೊಂದಿದರೆ ಮನುಷ್ಯನೂ ಹೊಂದಿದ ಎನ್ನುವ ಈ ಚಾಳಿ ನನ್ನ ಹವ್ಯಾಸಕ್ಕೆ ಅಂಟಿದ ದೊಡ್ಡ ಪಿಡುಗು. ಡ್ರಾಫ್ಟ್ಸ್ ಪುಸ್ತಕಗಳನ್ನು ಬರೆದವರ ಜೀವನ ಹುಡುಕುವುದು ನನಗೆ ಬಲು ಪ್ರೀತಿಯ ಕೆಲಸ. ಚೆಸ್ಸಿನವರ ಚರಿತ್ರೆ ಬರೆಯುವುದು ಸುಲಭ. ಫಿಲಿಡೋರ್ ಕಣ್ಣು ಕಟ್ಟಿಕೊಂಡು ಆಡಿದರೆ ಲಂಡನ್ನಿನ ಪತ್ರಿಕೆಗಳು ಬರೆಯುತ್ತಿದ್ದವು, ಕ್ಲಬ್ಬಿನ ಸದಸ್ಯರ ಪಟ್ಟಿ ಉಳಿಯುತ್ತಿತ್ತು, ಶ್ರೀಮಂತರು ಪತ್ರಗಳಲ್ಲಿ ಅವನ ಸುದ್ದಿ ಹೇಳಿಕೊಳ್ಳುತ್ತಿದ್ದರು. ಡ್ರಾಫ್ಟ್ಸ್ ಆಡುತ್ತಿದ್ದದ್ದು ಪಬ್ಬಿನ ಮೂಲೆಯ ಮೇಜಿನ ಮೇಲೆ. ಆಟ ಮುಗಿದ ಮೇಲೆ ಕಾಯಿ ಗುಡಿಸಿ ಡಬ್ಬಿಗೆ ಹಾಕಿದರೆ ಅಲ್ಲಿಗೆ ಚರಿತ್ರೆಯೂ ಮುಗಿಯಿತು. ಯಾರು ಗೆದ್ದರು ಎಂದು ಬರೆದಿಡುವ ಗುಮಾಸ್ತ ಅಲ್ಲಿರಲಿಲ್ಲ.

ಪೇನ್‌ಗೆ ಇನ್ನೊಂದು ದುರದೃಷ್ಟವೂ ಇದೆ: ಅವನ ಪುಸ್ತಕದ ಅರ್ಪಣೆಯನ್ನೂ ಮುನ್ನುಡಿಯನ್ನೂ ಬರೆದುಕೊಟ್ಟವನು ಸ್ಯಾಮ್ಯುಯೆಲ್ ಜಾನ್ಸನ್. ಜಾನ್ಸನ್‌ನ ಇಂಗ್ಲಿಷ್ ನಿಘಂಟು ಹೊರಬಂದ ಮರುವರ್ಷ ಅದು. ಅಷ್ಟು ದೊಡ್ಡ ಹೆಸರು ಗಳಿಸಿಯೂ ಅದೇ 1756ರ ಮಾರ್ಚ್‌ನಲ್ಲಿ ಸಾಲಕ್ಕಾಗಿ ಜಾನ್ಸನ್‌ನನ್ನು ಹಿಡಿದರು. ಕಾದಂಬರಿಕಾರ ರಿಚರ್ಡ್‌ಸನ್ ಆರು ಗಿನಿ ಕಳಿಸಿ ಬಿಡಿಸಿದ. ಈ ಕತೆಯನ್ನು ಸಾಹಿತ್ಯದ ವಿದ್ವಾಂಸರು ರಸವತ್ತಾಗಿ ಹೇಳುತ್ತಾರೆ. ರಾಚ್‌ಫೋರ್ಡಿನ ಅರ್ಲ್‌ಗೆ ಪುಸ್ತಕ ಅರ್ಪಿಸಿದ ವಾಕ್ಯಗಳ ಲಯ, ಕ್ಷುಲ್ಲಕ ಆಟದಲ್ಲೂ ಬುದ್ಧಿವಂತ ಏನು ಕಲಿಯಬಹುದು ಎಂಬ ಮುನ್ನುಡಿಯ ವಾದ, ಆಕ್ಸ್‌ಫರ್ಡಿನ ದಿನಗಳಲ್ಲಿ ಜಾನ್ಸನ್ ತಾನೇ ಡ್ರಾಫ್ಟ್ಸ್ ಆಡುತ್ತಿದ್ದನೆಂದು ಅವನ ಚರಿತ್ರಕಾರ ಬಾಸ್ವೆಲ್ ಬರೆದದ್ದು, ಎಲ್ಲದಕ್ಕೂ ಅಡಿಟಿಪ್ಪಣಿ ಉಂಟು. ಪೇನ್‌ಗೆ? ‘ಗಣಿತ ಬೋಧಕ’ ಎಂಬ ಎರಡು ಪದ. ಮುನ್ನುಡಿ ಮುಗಿದ ಮೇಲೆ 50 ಆಟಗಳಿವೆ, ಸೋಲುವಂತೆ ಕಂಡರೂ ಡ್ರಾ ಮಾಡಿಕೊಳ್ಳಬಹುದಾದ ಕಟ್ಟುಗಳಿವೆ. ಅವುಗಳಲ್ಲಿ ಒಂದು ಪೇನ್‌ನ ಹೆಸರಿನಲ್ಲೇ ಇವತ್ತಿಗೂ ಆಟಗಾರರ ಬಾಯಲ್ಲಿದೆ. ಆ ಪುಟಗಳನ್ನು ವಿದ್ವಾಂಸರು ತೆರೆಯುವುದೇ ಇಲ್ಲ. ತಾಳೆಗರಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು ಬರೆದಿಟ್ಟದ್ದನ್ನು ಬಿಟ್ಟು ಬರೀ ಮಂಗಳ ಶ್ಲೋಕ ಓದಿ ಎದ್ದುಹೋದ ಹಾಗೆ.

ನಾನು ಇಂಥ ಪುಸ್ತಕ ಸಿಕ್ಕಾಗ ಮೊದಲು ನೋಡುವುದು ಶೀರ್ಷಿಕೆಯನ್ನಲ್ಲ, ಆ ಪುಟದ ಬುಡವನ್ನು. ಯಾರಿಗಾಗಿ ಅಚ್ಚಾಯಿತು, ಯಾವ ಬೀದಿಯಲ್ಲಿ ಮಾರಾಟ, ಎಲ್ಲ ಅಲ್ಲಿರುತ್ತದೆ. ಲೇಖಕನೇ ಖರ್ಚು ಹಾಕಿಕೊಂಡಿದ್ದರೆ ಅವನ ಮನೆಯ ಗುರುತೂ ಸಿಕ್ಕುತ್ತದೆ. ಬೀದಿ ಸಿಕ್ಕಿತೆಂದರೆ ಆ ಪ್ಯಾರಿಷ್ಷಿನ ಕಂದಾಯದ ಪುಸ್ತಕ ಹಿಡಿಯಬೇಕು. ಯಾವ ವರ್ಷ ಹೆಸರು ಬಂತು, ಯಾವ ವರ್ಷ ಅಳಿಸಿತು, ಅದೇ ಮನೆಗೆ ಹೆಂಡತಿಯ ಹೆಸರು ಯಾವಾಗ ಏರಿತು ಎಂದು ನೋಡುತ್ತಾ ಹೋದರೆ ಗಂಡನ ಸಾವು ತಾನಾಗಿ ತಿಳಿಯುತ್ತದೆ. ಅದಾದ ಮೇಲೆ ಸನ್ ಫೈರ್ ಆಫೀಸಿನ ವಿಮಾ ದಫ್ತರಗಳು. 1710ರಿಂದ ಶುರುವಾದ ಆ ದಪ್ಪ ಸಂಪುಟಗಳನ್ನು ಓದುವುದೇ ಒಂದು ಸುಖ. ಮನೆ ಇಟ್ಟಿಗೆಯದೋ ಮರದ್ದೋ, ಪಾತ್ರೆಪಗಡ ಎಷ್ಟರದ್ದು, ಉಡುವ ಬಟ್ಟೆ ಎಷ್ಟರದ್ದು, ದಾಸ್ತಾನು ಎಷ್ಟರದ್ದು, ಗಾಜು ಪಿಂಗಾಣಿ ಎಷ್ಟರದ್ದು ಎಂದು ಗುಮಾಸ್ತ ಒಂದೊಂದನ್ನೂ ಪೌಂಡಿನ ಲೆಕ್ಕದಲ್ಲಿ ಬರೆದಿಟ್ಟಿರುತ್ತಾನೆ. ಆತ್ಮಕತೆ ಬರೆಯದ ಮನುಷ್ಯ ಬೆಂಕಿಗೆ ಹೆದರಿ ಅಲ್ಲಿ ತನ್ನ ಮನೆಯ ಒಳಗನ್ನು ತೆರೆದು ತೋರಿಸಿರುತ್ತಾನೆ.

ಆದರೂ ನನ್ನ ಮುಖ್ಯ ಕಸುಬು ಬೇರೆ: ಅಚ್ಚಿನ ತಪ್ಪುಗಳನ್ನು ಆಯುವುದು. ಹಳೆಯ ಪುಸ್ತಕದಲ್ಲಿ ಒಂದು ಆಟ 11-15, 23-19, 8-11, 22-17, 4-8 ಎಂದು ಶುರುವಾಗುತ್ತದೆ ಎಂದಿಟ್ಟುಕೊಳ್ಳಿ. ಮಣೆಯ ಕಪ್ಪು ಮನೆಗಳಿಗೆ 1ರಿಂದ 32ರವರೆಗೆ ಸಂಖ್ಯೆ. ಮೊಳೆ ಜೋಡಿಸುವವನು ಕೈತಪ್ಪಿ 22-17 ಬದಲು 22-18 ಎಂದು ಕೂಡಿಸಿದ. ನೋಡುವುದಕ್ಕೆ ಏನೂ ಕೆಟ್ಟಿಲ್ಲ; 22ರ ಬಿಳಿ ಕಾಯಿ 18ಕ್ಕೆ ಹೋಗಬಹುದು. ಆದರೆ ಹೋದ ಕೂಡಲೇ 15ರಲ್ಲಿರುವ ಕರಿಯ ಕಾಯಿ ಅದರ ಮೇಲೆ ಹಾರಿ, ಖಾಲಿಯಾದ 22ಕ್ಕೆ ಇಳಿದು, ಅದನ್ನು ಹೊಡೆಯಲೇಬೇಕು. ಹೊಡೆಯದೆ ಬಿಟ್ಟರೆ ತನ್ನ ಕಾಯಿಯನ್ನೇ ಕಳೆದುಕೊಳ್ಳುವ ನಿಯಮ ಆ ಕಾಲದ್ದು. ಪುಸ್ತಕ ಮಾತ್ರ ಏನೂ ಆಗಿಲ್ಲವೆಂಬಂತೆ 4-8 ಎಂದು ಮುಂದಕ್ಕೆ ಹೋಗುತ್ತದೆ. ಮಣೆ ಹಾಕಿಕೊಂಡು ಆಡಿ ನೋಡಿದವನಿಗೆ ಎರಡೇ ನಿಮಿಷದಲ್ಲಿ ಸಿಕ್ಕುವ ತಪ್ಪು ಇದು. ಅಂಥದ್ದೇ ಒಂದು ತಪ್ಪು, ಅದೇ ಆಟದ ಅದೇ ನಡೆಯಲ್ಲಿ, ಎಷ್ಟೋ ವರ್ಷ ಕಳೆದು ಬೇರೊಬ್ಬನ ಪುಸ್ತಕದಲ್ಲಿ ಕಂಡರೆ ಆ ಎರಡನೆಯವನು ಕಾಯಿ ಮುಟ್ಟದೆ ಪುಟ ನಕಲು ಮಾಡಿದ ಎಂದೇ ಅರ್ಥ. ಸರಿಯಾದ ನಡೆಗಳು ಇಬ್ಬರಿಗೂ ಸ್ವತಂತ್ರವಾಗಿ ಹೊಳೆಯಬಹುದು. ತಪ್ಪು ಹಾಗೆ ಹೊಳೆಯುವುದಿಲ್ಲ. ಯಾರು ಯಾರ ಪುಸ್ತಕ ಮುಂದಿಟ್ಟುಕೊಂಡಿದ್ದರು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಇಲ್ಲಿಯೇ ನನಗೂ ಉಳಿದ ಸಂಗ್ರಾಹಕರಿಗೂ ಜಗಳ. ಹುವಾನ್ ಗಾರ್ಸಿಯಾ ಕನಲೇಹಾಸ್ ಎಂಬಾತ 1650ರಲ್ಲಿ ಸ್ಪೇನಿನ ಸರಗೋಸಾದಿಂದ ತಂದ ಪುಸ್ತಕದ ಹಲವು ಆಟಗಳು ಪೇನ್‌ನಲ್ಲಿವೆ. ಇದು ತಿಳಿದ ಕೂಡಲೇ ‘ಪೇನ್ ಕಳ್ಳ’ ಎಂದು ಷರಾ ಎಳೆದು ಕೈ ತೊಳೆದುಕೊಳ್ಳುವವರಿದ್ದಾರೆ. ಅಲ್ಲಪ್ಪಾ, ಸ್ಪೇನಿನ ಆಟದಲ್ಲಿ ರಾಜನಾದ ಕಾಯಿ ಓರೆಗೆರೆಯುದ್ದಕ್ಕೂ ಎಷ್ಟು ದೂರ ಬೇಕಾದರೂ ಹಾರುತ್ತದೆ. ಇಂಗ್ಲೆಂಡಿನ ರಾಜ ಒಂದೊಂದೇ ಮನೆ ನಡೆಯುವವನು. ರಾಜ ಹುಟ್ಟಿದ ಮೇಲೆ ಎರಡೂ ಆಟಗಳ ದಾರಿಯೇ ಬೇರೆ. ಅಲ್ಲಿಂದ ತಂದದ್ದು ಇಲ್ಲಿ ನಿಲ್ಲಬೇಕಾದರೆ ಒಂದೊಂದನ್ನೂ ಮಣೆಯ ಮೇಲಿಟ್ಟು ಪರೀಕ್ಷಿಸಿ ಆರಿಸಬೇಕು. ಆ ಆಯ್ಕೆಯಲ್ಲಿ ಗಣಿತದ ಮೇಷ್ಟ್ರ ಬುದ್ಧಿ ಕಾಣುತ್ತದೆ. ಅದನ್ನು ನೋಡುವ ತಾಳ್ಮೆ ಇಲ್ಲದವರಿಗೆ ಕಳ್ಳ ಎನ್ನುವ ಹಕ್ಕೂ ಇಲ್ಲ. 1773ರಲ್ಲಿ ಹೆಸರಿಲ್ಲದೆ ಬಂದ ವ್ಹಿಸ್ಟ್ ಇಸ್ಪೀಟಿನ ಪುಸ್ತಕವೊಂದನ್ನೂ ಗ್ರಂಥಸೂಚಿಗಳು ಪೇನ್‌ನ ಖಾತೆಗೆ ಹಾಕುತ್ತವೆ. ಮಾಡದ್ದಕ್ಕೆ ಯಶಸ್ಸು, ಮಾಡಿದ್ದಕ್ಕೆ ಬೈಗುಳ ಎನ್ನುವ ಹಾಗಾಗಬಾರದು ಎಂಬುದಷ್ಟೇ ನನ್ನ ತಕರಾರು.

ಪೇನ್‌ನಿಗಿಂತ ನನ್ನ ಮನಸ್ಸನ್ನು ಹೆಚ್ಚು ಹಿಡಿದವನು ಜೋಶುವಾ ಸ್ಟರ್ಜಿಸ್. 1800ರಲ್ಲಿ ಬಂದ ಅವನ ಕೈಪಿಡಿಯಲ್ಲಿ 500 ಆಟ, 140 ಚಮತ್ಕಾರದ ಕಟ್ಟುಗಳು. ನಾನು ಮೇಲೆ ಕೊಟ್ಟ ಐದು ನಡೆಗಳ ಆರಂಭಕ್ಕೆ ಆಟಗಾರರು ಇಂದಿಗೂ ‘ಓಲ್ಡ್ ಫೋರ್ಟೀಂತ್’ ಎನ್ನುತ್ತಾರೆ, ಸ್ಟರ್ಜಿಸ್‌ನ ಪುಸ್ತಕದಲ್ಲಿ ಅದು ಹದಿನಾಲ್ಕನೆಯ ಆಟವಾಗಿದ್ದುದರಿಂದ. ಕಾರ್ಲೂಕಿನ ನೇಕಾರ ಆ್ಯಂಡ್ರೂ ಆ್ಯಂಡರ್‌ಸನ್ 1848 ಮತ್ತು 1852ರ ಪುಸ್ತಕಗಳಲ್ಲಿ ಆರಂಭಗಳ ಹೆಸರುಗಳನ್ನು ಒಂದು ಶಿಸ್ತಿಗೆ ತಂದ. ಮೊದಲ ನಾಲ್ಕು ನಡೆ ಒಂದೇ ಆಗಿದ್ದು ಐದನೆಯದು 11-16 ಆದರೆ ಅದು ‘ಗ್ಲಾಸ್ಗೋ’. 4-8 ಆದರೆ ಹದಿನಾಲ್ಕನೆಯದು. ಒಂದು ಆರಂಭಕ್ಕೆ ಊರಿನ ಹೆಸರು, ಇನ್ನೊಂದಕ್ಕೆ ಒಬ್ಬನ ಪುಸ್ತಕದ ಕ್ರಮಸಂಖ್ಯೆ! ಸಂಖ್ಯೆ ಉಳಿಯಬೇಕಾದರೆ ಎಷ್ಟು ಜನರ ಕೈಯಲ್ಲಿ ಆ ಪುಸ್ತಕ ಸವೆದಿರಬೇಕು. ಈ ಆರಂಭದ ಇಪ್ಪತ್ತು ನಡೆಗಳನ್ನು ಬಾಯಿಪಾಠ ಹೇಳುವ ಆಟಗಾರರಿಗೆ ಸ್ಟರ್ಜಿಸ್ ಯಾರೆಂದು ಕೇಳಿದರೆ ಮುಖ ನೋಡುತ್ತಾರೆ. ಇದೂ ನನಗೆ ಸಿಟ್ಟು ತರಿಸುವ ಸಂಗತಿಯೇ.

ಸ್ಟರ್ಜಿಸ್ ಪಬ್ ನಡೆಸುತ್ತಿದ್ದವನು. 1813ರ ಆಗಸ್ಟ್ 12ರಂದು 55ನೆಯ ವಯಸ್ಸಿನಲ್ಲಿ ಸತ್ತ. ಇದು ತಿಳಿದಿರುವುದು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನ ಸಮಾಧಿ ಕಲ್ಲಿನ ಬರಹವನ್ನು ಯಾರೋ ಪುಣ್ಯಾತ್ಮರು ಪ್ರತಿ ಮಾಡಿಟ್ಟದ್ದರಿಂದ. 1860ರ ದಶಕದಲ್ಲಿ ಮಿಡ್‌ಲ್ಯಾಂಡ್ ರೈಲ್ವೆ ಆ ಹಳೆಯ ಅಂಗಳವನ್ನು ಸೀಳಿಕೊಂಡು ಹಳಿ ಹಾಕಿತು. ಸಮಾಧಿಗಳನ್ನು ಎತ್ತಿಸುವ ಉಸ್ತುವಾರಿಗೆ ನಿಂತಿದ್ದ ತರುಣ ಥಾಮಸ್ ಹಾರ್ಡಿ, ಮುಂದೆ ಕಾದಂಬರಿಕಾರನಾದವನು. ಎಷ್ಟೋ ಕಲ್ಲುಗಳು ಜಾಗ ಬಿಟ್ಟವು. ಅಂಗಳಗಳನ್ನು ಸುತ್ತಿ ಬರಹ ಬರೆದುಕೊಳ್ಳುತ್ತಿದ್ದವರು ಇಲ್ಲದಿದ್ದರೆ ನಮ್ಮ ಗತಿ ದೇವರೇ ಬಲ್ಲ.

ಆ ಬರಹದ ಸಾರ ಇಷ್ಟು: ಆ ಪ್ಯಾರಿಷ್ಷಿನ ಗೌರವಸ್ಥ, ಲೈಸೆನ್ಸು ಪಡೆದ ಪಬ್ ಮಾಲೀಕ, ತನ್ನ ಕಸುಬಿನ ಬಂಧುಗಳ ಬುದ್ಧಿಗೂ ವ್ಯಾಪಾರಕ್ಕೂ ಒಳ್ಳೆಯದಾಗಲೆಂದು ಬಯಸಿದವನು, ಮನುಕುಲಕ್ಕೆ ನಿರಪರಾಧವೂ ವಿವೇಕಯುತವೂ ಆದ ವಿನೋದ ಕೊಟ್ಟವನು, ರಾಜಕುಮಾರನ ಮೆಚ್ಚುಗೆ ಪಡೆದ ಪುಸ್ತಕದ ಕರ್ತೃ. ಇದನ್ನು ಉಲ್ಲೇಖಿಸುವವರೆಲ್ಲ ಸಮಾಧಿಯ ಮೇಲಿನ ಮಾಮೂಲಿ ಹೊಗಳಿಕೆ, ಡ್ರಾಫ್ಟ್ಸ್‌ನಂಥ ಆಟಕ್ಕೆ ಇಷ್ಟು ದೊಡ್ಡ ಮಾತೇ ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಪೇನ್‌ನ ಪುಸ್ತಕ ಬಂದ ಮರುವರ್ಷವೇ, 1757ರಲ್ಲಿ, ಬ್ರಿಟನ್ನಿನ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಕೂಲಿಕಾರರು, ಕುಶಲಕರ್ಮಿಗಳು, ಆಳುಗಳು, ಕಸುಬು ಕಲಿಯುವ ಹುಡುಗರು ಪಬ್ಬಿನಲ್ಲಿ ಜೂಜಾಡಲು ಬಿಟ್ಟ ಮಾಲೀಕನಿಗೆ ಮೊದಲ ಸಲ 40 ಷಿಲಿಂಗ್ ದಂಡ, ಮತ್ತೆ ಬಿಟ್ಟರೆ 10 ಪೌಂಡ್. ಯಾವ ಯಾವ ಆಟ ಎಂದು ಪಟ್ಟಿಯೇ ಇದೆ: ಇಸ್ಪೀಟು, ದಾಳ, ಬಿಲಿಯರ್ಡ್ಸ್, ಸ್ಕಿಟಲ್ಸ್. ಅದೇ ಪಟ್ಟಿಯಲ್ಲಿ ಡ್ರಾಫ್ಟ್ಸ್ ಕೂಡ ಇದೆ. ಚೆಸ್ ಇಲ್ಲ.

ಈ ಕಾಯಿದೆಯನ್ನು ಪಕ್ಕದಲ್ಲಿಟ್ಟುಕೊಂಡು ಆ ಕಲ್ಲಿನ ಮಾತನ್ನು ಮತ್ತೊಮ್ಮೆ ಓದಿ. ಪಬ್ಬಿನವನು ವರ್ಷ ವರ್ಷ ಮ್ಯಾಜಿಸ್ಟ್ರೇಟರ ಮುಂದೆ ನಿಂತು, ಜಾಮೀನುದಾರರನ್ನು ಒದಗಿಸಿ, ತನ್ನ ಅಂಗಡಿಯಲ್ಲಿ ಕಾನೂನು ಒಪ್ಪದ ಆಟ ನಡೆಯಗೊಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕಾಗಿದ್ದ ಕಾಲ. ಅಂಥವನೊಬ್ಬ ಧೈರ್ಯವಾಗಿ ಡ್ರಾಫ್ಟ್ಸ್ ಪುಸ್ತಕ ಬರೆದು, ಅಪ್ಪಣೆ ಪಡೆದು, ಅದನ್ನು ವೇಲ್ಸ್ ರಾಜಕುಮಾರನಿಗೆ ಅರ್ಪಿಸಿದ. ಸಿಂಹಾಸನದ ವಾರಸುದಾರ ಒಪ್ಪಿದ ಆಟವನ್ನು ಕಂಡು ಕಾನ್‌ಸ್ಟೇಬಲ್ ಕೈ ಎತ್ತುವ ಮುಂಚೆ ಎರಡು ಸಲ ಯೋಚಿಸುತ್ತಾನೆ. ಕಸುಬಿನ ಬಂಧುಗಳ ವ್ಯಾಪಾರಕ್ಕೆ ಒಳ್ಳೆಯದು ಬಯಸಿದ ಎಂದು ಕಲ್ಲು ಹೇಳುವುದು ಇದನ್ನೇ ಎಂದು ನಾನು ನಂಬುತ್ತೇನೆ. ಆ ವರ್ಷಗಳಲ್ಲಿ ಪಬ್ ಮಾಲೀಕರು ಒಂದು ಕೂಟವಾಗಿ ಗಟ್ಟಿಗೊಳ್ಳುತ್ತಿದ್ದರು. 1794ರಲ್ಲಿ ತಮ್ಮದೇ ಪತ್ರಿಕೆ ‘ಮಾರ್ನಿಂಗ್ ಅಡ್ವರ್ಟೈಸರ್’ ಕೂಡ ಹೊರಡಿಸಿದ್ದರು. ‘ನಿರಪರಾಧ’ ಎಂದು ಕಲ್ಲಿನ ಮೇಲೆ ಕೊರೆಸಿದವರಿಗೆ ಕಾಯಿದೆಯ ಪಟ್ಟಿ ಚೆನ್ನಾಗಿ ಗೊತ್ತಿತ್ತು. ಅದು ಹೊಗಳಿಕೆಯಲ್ಲ, ವಕಾಲತ್ತು.

ಇದನ್ನು ಗಮನಿಸದೆ 1835ರಲ್ಲಿ ಚೆಸ್ ಲೇಖಕ ಜಾರ್ಜ್ ವಾಕರ್ ಪರಿಷ್ಕರಿಸಿದ ಸ್ಟರ್ಜಿಸ್ ಪ್ರತಿಯನ್ನೇ ಮೂಲವೆಂದು ಓದಿ, ಪಬ್ಬಿನವನ ಬಗ್ಗೆ ಹೇಳಲು ಏನಿದೆ ಎನ್ನುವವರನ್ನು ಕಂಡರೆ ನನಗೆ ಮಾತೇ ಬೇಡವಾಗುತ್ತದೆ. ಹೇಳಲು ಬೇಕಾದಷ್ಟಿದೆ. ಮಿಡ್ಲ್‌ಸೆಕ್ಸಿನ ಪಬ್ ಲೈಸೆನ್ಸುಗಳ ಮುಚ್ಚಳಿಕೆಗಳು ಲಂಡನ್ನಿನ ಪತ್ರಾಗಾರದಲ್ಲಿವೆ, ಪ್ರತಿಯೊಂದರಲ್ಲೂ ಮಾಲೀಕನ ಜೊತೆ ಜಾಮೀನು ನಿಂತವರ ಹೆಸರು ಇರುತ್ತದೆ. ಸ್ಟರ್ಜಿಸ್‌ಗೆ ಜಾಮೀನು ನಿಂತವರು ಅವನ ನೆರೆಯ ಪಬ್ಬಿನವರೇ ಆಗಿದ್ದರೆ, ಆ 500 ಆಟಗಳಲ್ಲಿ ಕೆಲವನ್ನಾದರೂ ಮೇಜಿನ ಆಚೆ ಕಡೆ ಕೂತು ಆಡಿದವರು ಅವರೇ ಇದ್ದಾರು. ಈಗ ನಾನು ಬೆನ್ನುಹತ್ತಿರುವುದು ಆ ಜಾಮೀನುದಾರರನ್ನು.