ಬೀಸೆಕಲ್ಲಿನ ಸೀಮೆಗೆ ಬಂದ ವಿಮಾನ

ಶಿವಮೊಗ್ಗದ ಸಮೀಪ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ ವಿಮಾನ ನಿಲ್ದಾಣ ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನು ಹೊತ್ತಿದೆ. ಮೊದಲು ಬಿ. ಎಸ್. ಯಡಿಯೂರಪ್ಪನವರ ಹೆಸರಿಡುವ ಪ್ರಸ್ತಾಪವಿತ್ತು. ಅವರೇ ಬೇಡವೆಂದ ಮೇಲೆ ಕವಿಯ ಹೆಸರು ನಿಂತಿತು. ರಾಜಕಾರಣದಲ್ಲಿ ಇಂಥದು ವಿರಳ.

1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಬಲ್ಲವರಿಗೆ ಈ ನಾಮಕರಣದಲ್ಲಿ ಒಂದು ಸ್ವಾರಸ್ಯ ಕಾಣದಿರದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಅದರ ಲೋಕ. ಅಲ್ಲಿ ಜನ ನಡೆಯುತ್ತಾರೆ. ಕಾಡುಹಾದಿ, ಕೆಸರು, ಉಂಬಳ, ಮಳೆ ಎಲ್ಲವೂ ಆ ನಡಿಗೆಯೊಳಗೆ ಸೇರಿವೆ. ಆ ಸೀಮೆಗೆ ಬಂದ ಒಂದು ಬೈಸಿಕಲ್ಲೇ ಸೋಜಿಗದ ವಸ್ತು. ಹಳ್ಳಿಗರ ನಾಲಗೆಯಲ್ಲಿ ಅದು ‘ಬೀಸೆಕಲ್ಲು’ ಆಗುತ್ತದೆ. ಕಂಡರಿಯದ ಯಂತ್ರವನ್ನು ಮನೆಯೊಳಗಿನ ಬೀಸುವ ಕಲ್ಲಿನ ನಂಟಿಗೆ ಎಳೆದುಕೊಂಡ ಜನಭಾಷೆಯ ಜಾಣ್ಮೆ ಅದು. ಸೋಗಾನೆಯ 3,200 ಮೀಟರ್ ಉದ್ದದ ರನ್‌ವೇ ಮಾತ್ರ ರನ್‌ವೇಯಾಗಿಯೇ ಉಳಿದಿದೆ.

ಇಲ್ಲಿ ಇಳಿಯುವ ಪ್ರವಾಸಿಗರಲ್ಲಿ ಅನೇಕರ ಗುರಿ ಜೋಗ. ಬೆಂಗಳೂರಿನಿಂದ ಸುಮಾರು ಒಂದು ಗಂಟೆಯ ಹಾರಾಟ. ಆಮೇಲೆ ಸಾಗರದ ಮಾರ್ಗವಾಗಿ ಸುಮಾರು ನೂರು ಕಿಲೋಮೀಟರ್ ರಸ್ತೆ. 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿಯನ್ನು ತುಂಬುರೂಪದಲ್ಲಿ ಕಾಣಬೇಕಾದರೆ ಮಳೆಗಾಲದಲ್ಲೇ ಬರಬೇಕು. ಆದರೆ ವಿಮಾನ ಇಳಿಯಲು ತೊಡಕಾಗುವುದೂ ಅದೇ ಮಳೆ, ಅದೇ ಮೋಡ. ಬೇಸಿಗೆಯಲ್ಲಿ ಹಾರಾಟ ಸುಗಮ, ನೋಡಲು ಬಂಡೆ.

ಹಾಗೆ ಬಂಡೆ ಕಾಣುವುದಕ್ಕೆ ಋತುವೊಂದೇ ಕಾರಣವಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಜಲಪಾತದ ಮೇಲ್ಗಡೆ ನದಿಯನ್ನು ತಡೆದು ನಿಂತಿದೆ. ಜೋಗದ ಧಾರೆ ಎಷ್ಟೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಜಲಾಶಯ. ಅದರ ಹಿನ್ನೀರಿನಲ್ಲಿ ಮನೆ, ಗದ್ದೆ, ಅಡಿಕೆ ತೋಟಗಳು ಮುಳುಗಿದವು. ಆ ಬದುಕನ್ನು ಸಾಗರದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ದಾಖಲಿಸಿದರು. ಜೋಗದ ಹಾದಿಗೆ ನಿಜವಾದ ಕೈಪಿಡಿಗಳೆಂದರೆ ಇವೇ. ವಿಮಾನ ನಿಲ್ದಾಣದ ಹೆಸರು ಮಲೆನಾಡಿನ ಒಂದು ಕಾಲವನ್ನು ನೆನಪಿಸುತ್ತದೆ. ಪ್ರವಾಸಿ ನೋಡಹೊರಟ ನೀರು ಮಾತ್ರ ಡಿಸೋಜರು ಬರೆದ ಕಾಲದ್ದು. ದಾರಿಯ ನಡುವಿನ ಸಾಗರವನ್ನು ಊಟಕ್ಕೆ ನಿಲ್ಲುವ ಪೇಟೆಯೆಂದಷ್ಟೇ ಬಲ್ಲವರಿಗೆ ಇದು ತಿಳಿಯುವಂತಿಲ್ಲ.

ಮುಳುಗಡೆಯವರನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ, ಬಹುಪಾಲು ಅರಣ್ಯಭೂಮಿಯಲ್ಲಿ ನೆಲೆಗೊಳಿಸಲಾಯಿತು. ಅಣೆಕಟ್ಟು ಮುಗಿದು ಆರು ದಶಕಗಳಾದರೂ ಅವರಲ್ಲಿ ಅನೇಕ ಕುಟುಂಬಗಳು ತಾವು ಉಳುತ್ತಿರುವ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತಲೇ ಇವೆ.