ಕಡಲೆಹಿಟ್ಟಿನ ಸ್ನಾನ

ಮಸ್ಕತ್‌ನಲ್ಲಿ ಹೊರಗೆ ಸುಡುಬಿಸಿಲು, ಒಳಗೆ ದಿನವಿಡೀ ಎ.ಸಿ. ಚರ್ಮ ಒಣಗಿ ಬಿರಿಯುತ್ತದೆ. ಇದಕ್ಕೆ ನನ್ನ ಅಜ್ಜಿ ಹೇಳಿಕೊಟ್ಟ ಮದ್ದು ಸುಲಭ. ಶುಕ್ರವಾರ ಬೆಳಿಗ್ಗೆ ಮೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಕಡಲೆಹಿಟ್ಟು ಹಚ್ಚಿ ಉಗುರುಬೆಚ್ಚಗಿನ ನೀರಿನ ಸ್ನಾನ. ಎಣ್ಣೆ ಚರ್ಮದ ತೇವ ಆರದಂತೆ ತಡೆಯುತ್ತದೆ. ಹಿಟ್ಟು ಹೆಚ್ಚಾದ ಜಿಡ್ಡನ್ನು ಹೀರುತ್ತದೆ. ನಿಂಬೆರಸ ಮಾತ್ರ ಬೇಡ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆಯಾಗಬಹುದು.

“ಇದರಿಂದ ಬೆಳ್ಳಗಾಗ್ತೀಯಾ?” ಎಂದು ಗೆಳತಿಯರು ಕೇಳುತ್ತಾರೆ. ಕಡಲೆಹಿಟ್ಟು ಕೊಳೆ ತೆಗೆಯುತ್ತದೆ, ಬಣ್ಣ ತೆಗೆಯುವುದಿಲ್ಲ. ನನ್ನನ್ನು ಕಪ್ಪಾಗಿಸಿದ ಮೆಲನಿನ್ ಬಿಸಿಲಿನಿಂದ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ. ‘ಫೇರ್ ಅಂಡ್ ಲವ್ಲಿ’ ಕ್ರೀಮ್ ಕೂಡ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಅನ್ನು ಕೈಬಿಟ್ಟಿತು. ನೆಂಟರು ಮಾತ್ರ “ಪಾಪ, ಹುಡುಗಿ ಕಪ್ಪು” ಎನ್ನುವುದನ್ನು ಇನ್ನೂ ಬಿಟ್ಟಿಲ್ಲ. ಒಣಚರ್ಮಕ್ಕೆ ಮದ್ದುಂಟು. ಕಪ್ಪು ಬಣ್ಣಕ್ಕೆ ಮದ್ದೇಕೆ? ಅದು ಕಾಯಿಲೆಯೇ ಅಲ್ಲವಲ್ಲ!