ಕಡ ತಂದ ಬೆರಳು

‘ಪ್ರಭಾವ’ ಎಂಬ ಮಾತನ್ನು ನಾವು ಸಾಹಿತ್ಯದಲ್ಲಿ ಅರ್ಧ ಆರೋಪದಂತೆ ಬಳಸುತ್ತೇವೆ. ಬರೆಯಲು ಕೂತಾಗಲೆಲ್ಲ ನನಗೂ ಆ ಅಂಜಿಕೆ: ಈ ವಾಕ್ಯ ನನ್ನದೋ, ನಾನು ಓದಿದವರದೋ? ಅದು ತುಸು ಸಡಿಲವಾದದ್ದು ಅಮೆರಿಕದ ಜಾಶ್ ಗ್ರೇವ್ಸ್ ನುಡಿಸಿದ ಡೋಬ್ರೋ ಕೇಳುತ್ತ ಹೋದಾಗ.

ಡೋಬ್ರೋ ಒಂದು ಬಗೆಯ ರೆಸೊನೇಟರ್ ಗಿಟಾರ್. 1920ರ ದಶಕದಲ್ಲಿ, ಎಲೆಕ್ಟ್ರಿಕ್ ಗಿಟಾರ್ ಇನ್ನೂ ಬಳಕೆಗೆ ಬಂದಿರಲಿಲ್ಲ. ದನಿ ಜೋರಾಗಲೆಂದು ಗಿಟಾರಿನ ಹೊಟ್ಟೆಯೊಳಗೆ ಲೋಹದ ತೆಳು ಬಟ್ಟಲೊಂದನ್ನು ಕೂರಿಸಿದರು. ಡೋಪ್ಯೇರಾ ಸಹೋದರರು ಮಾಡಿದ್ದರಿಂದ ಅದಕ್ಕೆ ಆ ಹೆಸರು. ಅವರ ಸ್ಲೋವಾಕ್ ನುಡಿಯಲ್ಲಿ ಆ ಪದಕ್ಕೆ ‘ಒಳ್ಳೆಯದು’ ಎಂದೂ ಅರ್ಥ. ಬ್ಲೂಗ್ರಾಸ್ ವಾದಕರು ಅದನ್ನು ಅಡ್ಡ ಮಲಗಿಸಿಕೊಂಡು, ಎಡಗೈಯ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುತ್ತಾರೆ. ಗೋಟುವಾದ್ಯ ಕೇಳಿದವರಿಗೆ ಆ ಜಾರು ತೀರ ಹೊಸದೆನಿಸದು.

ಗ್ರೇವ್ಸ್ ಹುಟ್ಟಿದ್ದು 1927ರಲ್ಲಿ, ಟೆನೆಸ್ಸಿಯ ಟೆಲಿಕೊ ಪ್ಲೇನ್ಸ್‌ನಲ್ಲಿ. ಹುಡುಗನಾಗಿದ್ದಾಗ ಅವರನ್ನು ಸೆಳೆದದ್ದು ಕ್ಲಿಫ್ ಕಾರ್ಲೈಲ್ ಅವರ ವಾದನ. 1955ರಲ್ಲಿ ಲೆಸ್ಟರ್ ಫ್ಲ್ಯಾಟ್ ಮತ್ತು ಅರ್ಲ್ ಸ್ಕ್ರಗ್ಸ್ ಅವರ ತಂಡಕ್ಕೆ ಬಾಸ್ ನುಡಿಸಲು ಸೇರಿದವರು ಬೇಗನೆ ಡೋಬ್ರೋಗೆ ಹೊರಳಿದರು. ಬ್ಲೂಗ್ರಾಸ್‌ನ ಓಟ ಜೋರು. ಪಿಟೀಲು, ಬ್ಯಾಂಜೊ, ಮ್ಯಾಂಡೊಲಿನ್‌ಗಳು ಸರದಿಯಂತೆ ಮುಂದೆ ಬಂದು ನುಡಿಯುತ್ತವೆ. ಎಳೆದೆಳೆದು ನುಡಿಯುವ ಡೋಬ್ರೋಗೆ ಆ ಓಟದಲ್ಲಿ ಜಾಗವೆಲ್ಲಿ? ಗ್ರೇವ್ಸ್ ಮೂರು ಬೆರಳಿನ ಬ್ಯಾಂಜೊ ಮೀಟನ್ನು ಸ್ಕ್ರಗ್ಸ್ ಅವರಿಂದಲೇ ಕಲಿತು ಡೋಬ್ರೋಗೆ ತಂದರು. ಜೊತೆಗೆ ಬ್ಲೂಸ್‌ನ ನೋವನ್ನೂ ಬೆರೆಸಿದರು. ಬ್ಯಾಂಜೊದ ಸ್ವರ ಚಟಕ್ಕನೆ ಸಿಡಿದು ಆರುತ್ತದೆ. ಡೋಬ್ರೋದ ಸ್ವರ ನಿಲ್ಲುತ್ತದೆ, ಜಾರುತ್ತದೆ, ನಿಟ್ಟುಸಿರಿಡುತ್ತದೆ. ಬೆರಳು ಕಡ ತಂದದ್ದಾದರೂ ದನಿ ಗ್ರೇವ್ಸ್ ಅವರದೇ ಆಯಿತು.

ಕಡ ಅಲ್ಲಿಗೇ ನಿಲ್ಲಲಿಲ್ಲ. ಓಹಾಯೋದ ಹುಡುಗ ಜೆರ್ರಿ ಡಗ್ಲಸ್ ಅವರ ಕಛೇರಿ ಕೇಳಿ ಡೋಬ್ರೋ ಹಿಡಿದ. ಮೈಕ್ ಆಲ್ಡ್ರಿಜ್ ಗ್ರೇವ್ಸ್ ಅವರಿಂದಲೇ ವಾದ್ಯ ಕೊಂಡರು. ಆದರೆ ಇಬ್ಬರೂ ಗ್ರೇವ್ಸ್ ಅವರ ನಕಲಾಗಲಿಲ್ಲ. ಆಲ್ಡ್ರಿಜ್ ಅವರ ಸ್ವರಕ್ಕೆ ರೇಷ್ಮೆಯ ನಯ ಬಂತು. ಡಗ್ಲಸ್ ಮುಂದೆ ಮೋಹನವೀಣೆಯ ವಿಶ್ವಮೋಹನ್ ಭಟ್ ಅವರ ಜೊತೆಗೂ ನುಡಿಸಿದರು.

ಗ್ರೇವ್ಸ್ 2006ರಲ್ಲಿ ತೀರಿಕೊಂಡರು. ಅವರನ್ನು ಕೇಳಿದ ಮೇಲೆ ಇಷ್ಟದ ಲೇಖಕರನ್ನು ಮತ್ತೆ ಮತ್ತೆ ಓದಲು ನನಗೆ ಹೆದರಿಕೆಯಿಲ್ಲ. ಅವರ ವಾಕ್ಯದ ನಡಿಗೆಯನ್ನು ಎತ್ತಿಕೊಂಡು ನಮ್ಮೂರಿನ ಮಾತಿನಲ್ಲಿ ನಡೆಸಿ ನೋಡುತ್ತೇನೆ. ಹೊಂದದಿದ್ದರೆ ಬಿಡುತ್ತೇನೆ. ಹೊಂದಿದರೆ, ಅದು ತಾನಾಗಿಯೇ ಬೇರೆ ದನಿಯಲ್ಲಿ ನುಡಿಯತೊಡಗುತ್ತದೆ.